ತಿಕ್ಕಲು ಬಾರ್

"ಒಂದೂವರೆ ಅಡಿ. ಎಷ್ಟು ಸಲ ಅಳೆದ್ರೂ ಒಂದೂವರೆ ಅಡಿನೇ," ಎಂದು ಪ್ಲಂಬರ್ ಟೇಪನ್ನು ಸರ್ರೆಂದು ಒಳಕ್ಕೆಳೆದುಕೊಂಡ. "ಸ್ಟ್ರೆಚರ್ ಎರಡಡಿ ಇರತ್ತೆ. ಭಾವ ಹೊರಗೆ ಹೋಗೋದು ಹೆಂಗೆ?"

ಭಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಳಕೋಣೆಯ ಮಂಚದ ಮೇಲೆ ಮಲಗಿದ್ದ. ಬೆಳಗಿನ ಜಾವ ನಿದ್ದೆಯಲ್ಲೇ ಹೋಗಿಬಿಟ್ಟಿದ್ದ. ಹನ್ನೊಂದು ಮಹಡಿಯ ಕಚೇರಿಯಲ್ಲಿ ಮೂವತ್ತೊಂದು ವರ್ಷ ಲಿಫ್ಟ್ ನಡೆಸಿದವನಾದ್ದರಿಂದ ಎಲ್ಲರಿಗೂ ಅವನು ಲಿಫ್ಟಣ್ಣ. ಆ ಲೆಕ್ಕದಲ್ಲಿ ಹೆಂಡತಿ ಲಿಫ್ಟಕ್ಕ; ಪ್ಲಂಬರ್ ಅವಳ ತಮ್ಮ. ಕೋಣೆಗೂ ಮುಂಬಾಗಿಲಿಗೂ ನಡುವೆ ಇರುವುದು ಒಂದೇ ಪ್ಯಾಸೇಜು. ಆ ಪ್ಯಾಸೇಜಿನಲ್ಲಿ ಅವನೇ ಕಟ್ಟಿದ ಬಾರು: ಬಿದಿರಿನ ಕೌಂಟರು, ನಾಲ್ಕು ಕಂಬ, ಮೇಲೆ ಪೊರಕೆಕಡ್ಡಿಯ ಸೂರು. ಅದಕ್ಕೂ ಎದುರು ಗೋಡೆಗೂ ನಡುವೆ ಉಳಿದ ಸಂದಿಯೇ ಆ ಒಂದೂವರೆ ಅಡಿ. ಕೌಂಟರಿನ ಮೇಲಿಂದ ಎತ್ತಿ ದಾಟಿಸೋಣವೆಂದರೆ ಕಂಬಗಳು ಅಡ್ಡ. ಸ್ಮಶಾನದ ವ್ಯಾನು ಮೂರಕ್ಕೆ ಬರುವುದಿತ್ತು. ಆಗಲೇ ಎರಡೂಕಾಲು.

"ಸ್ಟ್ರೆಚರ್‌ಗೆ ಕಟ್ಟಿ, ನಿಲ್ಲಿಸ್ಕೊಂಡು ದಾಟಿಸಿದ್ರೆ..." ಎಂದು ಪಕ್ಕದ ಮನೆಯ ದರ್ಜಿ ಶುರುಮಾಡಿದ.

"ಬೇಡ," ಎಂದಳು ಮಗಳು. "ಅಪ್ಪ ನಿಂತಿದ್ದು ಸಾಕು. ಮಲಗ್ಕೊಂಡೇ ಹೋಗ್ಲಿ."

"ಹಾಗಾದ್ರೆ ಇದನ್ನ ಕೀಳ್ಬೇಕು."

ಎಲ್ಲರೂ ಲಿಫ್ಟಕ್ಕನ ಕಡೆ ನೋಡಿದರು. ಬೇಡ ಎಂಬ ಮಾತು ಅವಳ ನಾಲಿಗೆಯ ತುದಿಯಲ್ಲಿತ್ತು. ಆದರೆ ತಮ್ಮ ಅಷ್ಟರಲ್ಲೇ, "ಅಕ್ಕನ್ನೇನು ಕೇಳ್ತೀರಿ? ಇದನ್ನ ಮುರಿದು ಹೊರಗೆ ಎಸೀತೀನಿ ಅಂತ ನಾಲ್ಕು ವರ್ಷದಿಂದ ಅಂತಾನೇ ಇದಾಳೆ," ಎಂದುಬಿಟ್ಟ. ಅವಳದೇ ಮಾತು. ಅಕ್ಷರ ಆಚೀಚೆ ಆಗಿರಲಿಲ್ಲ.

* * *

ನಿವೃತ್ತನಾದ ವರ್ಷ ಹಲ್ಲಿನ ಡಾಕ್ಟರ ಹತ್ತಿರ ಕಾಯುತ್ತ ಕೂತಿದ್ದಾಗ ಹಳೆಯ ಮಾಸಪತ್ರಿಕೆಯೊಂದರಲ್ಲಿ ಲಿಫ್ಟಣ್ಣನಿಗೆ ಆ ಚಿತ್ರ ಸಿಕ್ಕಿತ್ತು. ಹಾಳೆಯನ್ನು ಹರಿದುಕೊಂಡೇ ಬಂದಿದ್ದ.

"ಇದಕ್ಕೆ ಟಿಕಿ ಬಾರ್ ಅಂತಾರೆ ಕಣೇ. ಎಲ್ಲೋ ದೂರದ ದ್ವೀಪಗಳ ಕಡೇದಂತೆ."

"ಟಿಕಿಯೋ ತಿಕ್ಕಲೋ. ಇಡೋದೆಲ್ಲಿ, ನನ್ನ ತಲೆ ಮೇಲಾ?"

"ಪ್ಯಾಸೇಜಿನ ಗೋಡೇಲಿ ಚಪ್ಪಲಿ ಗೂಡಿದೆಯಲ್ಲ. ನಾನು ಅದರೊಳಗೆ ನಿಲ್ತೀನಿ. ಲಿಫ್ಟಿಗಿಂತ ನಾಲ್ಕಿಂಚು ದೊಡ್ಡದೇ ಇದೆ."

"ಒಂದು ತೊಟ್ಟು ಕುಡಿಯೋರಲ್ಲ, ನಿಮಗ್ಯಾಕ್ರೀ ಬಾರು?"

ಲಿಫ್ಟಣ್ಣ ಹಾಳೆಯನ್ನು ಮಡಿಸಿ ಜೇಬಿಗಿಟ್ಟ. "ಇಷ್ಟು ವರ್ಷ ಜನ ನನ್ನ ಬೆನ್ನ ಹಿಂದೆ ನಿಂತು ಮಾತಾಡಿದ್ರು. ಒಬ್ರಾದ್ರೂ ಎದುರಿಗೆ ಕೂತು ಮಾತಾಡ್ಲಿ ಅಂತ."

ಬಣ್ಣ ಬಳಿಯುವವರು ಬಿಟ್ಟುಹೋದ ಬಿದಿರು ತಂದ. ಸೂರಿಗೆ ಹುಲ್ಲು ಸಿಗದೆ ಇಪ್ಪತ್ತೆರಡು ಪೊರಕೆ ಬಿಚ್ಚಿದ. ಮೊಳೆ ಹೊಡೆದರೆ ದ್ವೀಪದ ಬಾರು ಅನ್ನಿಸಿಕೊಳ್ಳುವುದಿಲ್ಲವೆಂದು ಎಲ್ಲವನ್ನೂ ಹಗ್ಗದಲ್ಲೇ ಕಟ್ಟಿದ. ಮರದ ತುಂಡೊಂದರಲ್ಲಿ ಹಲ್ಲು ಕಿರಿದ ಮುಖ ಕೆತ್ತಿ, ಹಳೇ ಮೇಲ್ವಿಚಾರಕರದ್ದು ಎಂದು ಹೇಳಿದ. ಅಂದಿನಿಂದ ಆ ಸಂದಿಯನ್ನು ಎಲ್ಲರೂ ಗೋಡೆಗೆ ಒತ್ತಿಕೊಂಡು ಅಡ್ಡಡ್ಡವಾಗಿಯೇ ದಾಟಬೇಕಾಯಿತು. ಇದ್ದದ್ದು ಒಂದೇ ಸ್ಟೂಲು. ಅದರ ಮೇಲೆ ಯಾರಾದರೂ ಕೂತರೆ ಪ್ಯಾಸೇಜೇ ಬಂದ್. ಒಳಗಿದ್ದವರು ಒಳಗೆ, ಹೊರಗಿದ್ದವರು ಹೊರಗೆ. ದರ್ಜಿ ವಾರಕ್ಕೊಮ್ಮೆ ಬಂದು ಅನಾನಸ್ ರಸಕ್ಕೆ ರಮ್ ಬೆರೆಸಿಕೊಂಡು ಕುಡಿದು, ಮದುವೆ ಬಟ್ಟೆಗಳ ಸಂಕಟ ಹೇಳಿಕೊಂಡು ಹೋಗುತ್ತಿದ್ದ. ಲಿಫ್ಟಕ್ಕ ಮಾತ್ರ ಬಂದವರೆದುರಿಗೆಲ್ಲ, "ಬನ್ನಿ, ನಮ್ಮನೆ ತಿಕ್ಕಲು ಬಾರ್ ನೋಡಿ," ಎಂದು ಮೂತಿ ತಿರುವುತ್ತಿದ್ದಳು.

ಆದರೆ ಒಂದು ಸಂಗತಿ ಯಾರಿಗೂ ಗೊತ್ತಿರಲಿಲ್ಲ. ದಿನಾ ಹನ್ನೊಂದಕ್ಕೆ ಅವನು ಮಾರ್ಕೆಟ್ಟಿಗೆ ಹೋದ ಮೇಲೆ ಅವಳು ಬಾಗಿಲ ಚಿಲಕ ಹಾಕಿ ಆ ಸ್ಟೂಲಿನ ಮೇಲೆ ಹತ್ತಿ ಕೂರುತ್ತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಹತ್ತು ನಿಮಿಷ, ಕಾಲಾಡಿಸುತ್ತ, ಸುಮ್ಮನೆ. ಇಡೀ ದಿನದಲ್ಲಿ ಅವಳಿಗೆ ಇಷ್ಟವಾದ ಹೊತ್ತು ಅದೊಂದೇ. ಮೂರನೇ ವರ್ಷ ಇರಬೇಕು, ಒಂದು ದಿನ ಕೌಂಟರಿನ ಮೇಲೆ ತಟ್ಟೆ ಮುಚ್ಚಿದ ಒಂದು ಲೋಟ ಅನಾನಸ್ ರಸ ಇತ್ತು. ಮರುದಿನವೂ ಇತ್ತು. ಆಮೇಲೆ ತಪ್ಪಿದ್ದೇ ಇಲ್ಲ. ಯಾಕೆಂದು ಅವಳು ಕೇಳಲಿಲ್ಲ, ಅವನೂ ಹೇಳಲಿಲ್ಲ. ಲೋಟ ತೊಳೆದಿಟ್ಟು, ಅವನು ಬಂದ ಕೂಡಲೇ ಬಾರನ್ನು ಬೈಯಲು ಶುರುಮಾಡುತ್ತಿದ್ದಳು.

* * *

ಈಗ ಇದನ್ನೆಲ್ಲ ಯಾರ ಮುಂದೆ, ಯಾವ ಬಾಯಲ್ಲಿ ಹೇಳುವುದು?

ತಮ್ಮ ಪೈಪು ಕೊಯ್ಯುವ ಗರಗಸ ತೆಗೆದ.

"ಕೊಯ್ಯದೆ ಬಿಚ್ಚಕ್ಕಾಗಲ್ವೇನೋ?" ಎಂದಳು ಲಿಫ್ಟಕ್ಕ.

"ಗಂಟುಗಂಟಿಗೂ ಅಂಟು ಸುರಿದಿದ್ದಾರೆ ಭಾವ. ದೇವರು ಬಂದ್ರೂ ಬಿಚ್ಚಕ್ಕಾಗಲ್ಲ."

"ವ್ಯಾನ್‌ನೋರು ಬರ್ಲಿ, ನೋಡೋಣ."

"ಅವ್ರು ಬಂದ್ಮೇಲೆ ಕಾಯ್ತಾರಾ ಅಕ್ಕಾ? ನಾಲ್ಕಕ್ಕೆ ಅಲ್ಲಿರ್ಬೇಕು."

ಮಗಳು ತಾಯಿಯ ಹೆಗಲ ಮೇಲೆ ಕೈಯಿಟ್ಟು, "ಅಮ್ಮಾ, ಹೋದ್ರೆ ಹೋಗ್ಲಿ ಬಿಡು. ನಿನಗೂ ಓಡಾಡಕ್ಕೆ ಜಾಗ ಆಗತ್ತೆ," ಎಂದಳು. ಮಗಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಲಿಫ್ಟಕ್ಕ ತಮ್ಮನ ಕೈಯ ಗರಗಸ ನೋಡಿದಳು. ಒಂದು ಮಾತು ಆಡಿದ್ದರೆ ಗರಗಸ ನಿಲ್ಲುತ್ತಿತ್ತು. ಆ ಒಂದು ಮಾತು ಆಡಲು ನಾಲ್ಕು ವರ್ಷ ಆಡಿದ್ದನ್ನೆಲ್ಲ ವಾಪಸ್ಸು ನುಂಗಬೇಕಿತ್ತು. ಅವಳು ಕೋಣೆಗೆ ಹೋಗಿ ಗಂಡನ ಪಕ್ಕದಲ್ಲಿ ಕೂತಳು.

ಗರಗಸದ ಸದ್ದು ಕೇಳತೊಡಗಿತು. ಒಂದು ಕಂಬ ಕೊಯ್ಯುವಷ್ಟರಲ್ಲಿ ಸೂರು ವಾಲಿತು. ಎರಡನೆಯದಕ್ಕೆ ಪೂರ್ತಿ ಕುಸಿದು ಪೊರಕೆಕಡ್ಡಿ ಮನೆ ತುಂಬ ಹರಡಿತು. "ತಪ್ಪು ತಿಳ್ಕೋಬೇಡಿ," ಎಂದು ಅವಳು ಗಂಡನ ಅಂಗಿಯ ತೋಳಿಗೆ ಹೇಳಿದಳು. "ನನಗೆ ಹೇಳಕ್ಕಾಗ್ಲಿಲ್ಲ ರೀ."

ಮೂರಕ್ಕೆ ಐದು ನಿಮಿಷವಿರುವಾಗ ಪ್ಯಾಸೇಜು ಗುಡಿಸಿ ಮುಗಿದಿತ್ತು. ಬಿದಿರಿನ ತುಂಡುಗಳು ಗೋಣಿಚೀಲ ಸೇರಿ ಕೆಳಗೆ ಹೋಗಿದ್ದವು. ವ್ಯಾನಿನವರು ಇಬ್ಬರು ಬಂದರು. ಹಿರಿಯನ ಕಂಕುಳಲ್ಲಿ ಮಡಿಸಿದ ದಪ್ಪ ಬಟ್ಟೆಯೊಂದಿತ್ತು.

"ಸ್ಟ್ರೆಚರ್ ಎಲ್ಲಿ?" ಎಂದು ಕೇಳಿದ ತಮ್ಮ.

"ಇಂಥ ಮನೆಗಳಿಗೆ ಸ್ಟ್ರೆಚರ್ ಯಾರ್ ತರ್ತಾರೆ ಸಾರ್? ಮೆಟ್ಟಿಲಲ್ಲೇ ತಿರುಗಲ್ಲ. ಇದು ಜೋಳಿಗೆ ಥರ. ಮಲಗಿಸಿ, ತಲೆ ಕಡೆ ಒಬ್ಬ, ಕಾಲ ಕಡೆ ಒಬ್ಬ. ಒಂದಡಿ ಜಾಗ ಇದ್ರೆ ಧಾರಾಳವಾಯ್ತು."

ದರ್ಜಿ ಕನ್ನಡಕ ತೆಗೆದು ಒರೆಸಿದ. "ಫೋನಲ್ಲೇ ಕೇಳ್ಬೇಕಿತ್ತು," ಎಂದು ತಮ್ಮ ಗೋಡೆಗೆ ಹೇಳಿದ. ಗರಗಸ ಇನ್ನೂ ಅವನ ಕೈಯಲ್ಲೇ ಇತ್ತು.

ಲಿಫ್ಟಣ್ಣನನ್ನು ಬಟ್ಟೆಯಲ್ಲಿ ಮಲಗಿಸಿ ಇಬ್ಬರೂ ಎತ್ತಿದರು. ಪ್ಯಾಸೇಜಿನಲ್ಲಿ ಎರಡೂ ಕಡೆ ಜಾಗ ಮಿಕ್ಕಿತು. ಹಿಂದೆ ತಮ್ಮ ಹೋದ, ದರ್ಜಿ ಹೋದ, ಮಗಳು ಬಾಗಿಲಲ್ಲಿ ನಿಂತು ತಾಯಿಗಾಗಿ ಕೈ ಚಾಚಿದಳು.

ಲಿಫ್ಟಕ್ಕ ಕೋಣೆಯಿಂದ ನಾಲ್ಕು ಹೆಜ್ಜೆ ನೆಟ್ಟಗೆ ನಡೆದು ಬಂದಳು. ಆಮೇಲೆ ಬೆನ್ನನ್ನು ಗೋಡೆಗೆ ಒತ್ತಿ, ಉಸಿರು ಬಿಗಿಹಿಡಿದು ಹೊಟ್ಟೆ ಒಳಕ್ಕೆಳೆದುಕೊಂಡು, ಸೆರಗು ಯಾವುದಕ್ಕೂ ಸಿಕ್ಕಿಕೊಳ್ಳದ ಹಾಗೆ ಮುದುಡಿ ಹಿಡಿದು, ಆ ಬರಿದಾದ ಜಾಗವನ್ನು ಅಡ್ಡಡ್ಡವಾಗಿ, ಒಂದೊಂದೇ ಹೆಜ್ಜೆಯಿಟ್ಟು ದಾಟಿದಳು.