ಕೆಂಪು ಟೇಪಿನ ತುದಿ

ತಲಿ ಯಾವ ಕಡಿ ಅದರಿ ಮೇಡಂ, ಕಾಶೀರಾಮ ಕೇಳುತ್ತಿದ್ದಾನೆ, ಉದ್ದಕ್ಕೆ ಸೀಳಿದ ಕೊಳವೆ ಮೇಜಿನ ಮೇಲೆ, ಒಳಗಿನ ಕೆಸರು ಇನ್ನೂ ಹಸಿ, ಪ್ರಯೋಗಾಲಯಕ್ಕೆಲ್ಲ ಕೆರೆಯ ವಾಸನೆ— ಕೆಂಪು ಟೇಪು ಸುತ್ತಿದ ತುದಿಯೇ ತಲೆ, ಕೆಸರಿನ ಮೇಲ್ತುದಿ, ಅದು ಆಲ್ವಿನ ಮಾಡಿದ ನಿಯಮ, ಔರಾದದ ಕೆರೆಯಲ್ಲಿ ಎದೆಮಟ್ಟ ನೀರಿನಲ್ಲಿ ನಿಂತು ಈ ಕೊಳವೆ ಇಳಿಸಿ ಎತ್ತಿದವನು ಅವನೇ, ಎಂಟನೇ ದಿನಕ್ಕೆ ಭಾಲ್ಕಿ ರಸ್ತೆ, ಲಾರಿ, ಮುಚ್ಚಿದ ಪೆಟ್ಟಿಗೆ, ಸಮಾಧಿಯ ಬಳಿ ಹೊತ್ತವರೂ ಹೀಗೇ ಕೇಳಿದ್ದರು, ತಲಿ ಯಾವ ಕಡಿ ಅದ, ಎಲ್ಲರೂ ನನ್ನನ್ನೇ ನೋಡಿದರು, ಹೆಂಡತಿಗೆ ಗೊತ್ತಿರಬೇಕು ಎಂಬಂತೆ, ನನಗೆ ಗೊತ್ತಿರಲಿಲ್ಲ, ಆದರೂ ಕೈ ತೋರಿಸಿದೆ. ಪದರಗಳು, ಕಂದು, ಕಪ್ಪು, ಕಂದು, ಕಪ್ಪು— ಮಳೆಗಾಲದ ನೀರು ಹೊಲಗಳಿಂದ ಹೊತ್ತು ತಂದದ್ದು ಕಂದು, ಬೇಸಿಗೆಯಲ್ಲಿ ಮೆಲ್ಲಗೆ ಕೂತದ್ದು ಕಪ್ಪು, ಒಂದು ಜೋಡಿ ಒಂದು ವರ್ಷ, ಮೇಲಿನದು ಹೊಸದು, ಕೆಳಗಿನದು ಹಳೆಯದು. ನರ್ಸಾಗಿರುವ ನಾದಿನಿ ಜಾಸ್ಮಿನ ಸೀಳುವ ಮೊದಲೇ ಇದಕ್ಕೆ ಆಸ್ಪತ್ರೆಯಲ್ಲಿ ಎಕ್ಸರೇ ತೆಗೆಸಿದಳು, ತೆಗೆದ ಉಮೇರ ನಕ್ಕಿದ್ದನಂತೆ, ಪೇಷಂಟಿಗಿ ಉಸಿರ ಹಿಡಿ ಅನ್ರಿ ಸಿಸ್ಟರ್. ಆ ಚಿತ್ರದಲ್ಲಿ ಟೇಪಿನ ತುದಿಯಿಂದ ಎಣಿಸಿದೆ, ಆ ತುದಿಯಲ್ಲಿ ಮಳೆಗಾಲದ ಪದರಗಳು ದಪ್ಪ, ಹಾಗಾಗಿ ವರದಿಯಲ್ಲಿ ಬರೆದೆ, ಇತ್ತೀಚಿನ ವರ್ಷಗಳಲ್ಲಿ ಮುಂಗಾರು ಬಲಗೊಂಡಿದೆ, ಮೊದಲ ಹೆಸರು ಆಲ್ವಿನನದು, ನಾಳೆ ಕಳಿಸಬೇಕು, ಚಿದ್ರಿಯ ಮನೆಯಲ್ಲಿ ಅತ್ತೆ ಅದರ ಮೊದಲ ಪುಟವನ್ನು ಬೈಬಲಿನೊಳಗೆ ಇಟ್ಟಿದ್ದಾರೆ, ನನ್ನ ಮಗನ ಕೊನಿ ಕೆಲಸ ಅದವಾ, ಒಂದಕ್ಷರ ತಪ್ಪಬಾರದು. ಇನ್ನೊಂದು ಕೊಳವೆ ತರೋಣವೆಂದರೆ ಕೆರೆಯಲ್ಲಿ ಕೆಸರೇ ಉಳಿದಿಲ್ಲ, ಈ ಬೇಸಿಗೆ ಹೂಳೆತ್ತಿದರು, ನೂರಾರು ಮಳೆಗಾಲ ಟ್ರ್ಯಾಕ್ಟರಿನಲ್ಲಿ ಹೊಲಗಳಿಗೆ ಹೋಯಿತು, ತೊಗರಿ ಚೆನ್ನಾಗಿ ಬಂದಿದೆಯಂತೆ.

ಕಾಶೀರಾಮ ಬ್ಲೇಡಿನಿಂದ ಮೇಲ್ಮೈ ಹೆರೆಯುತ್ತಾನೆ, ನಡುವೆ ಒಂದು ಬಿರುಕು, ಮರಳು ತುಂಬಿದ ಬಿರುಕು, ಕೆರೆ ಒಣಗಿದ ಯಾವುದೋ ವರ್ಷದ್ದು, ಒಂದು ಕಡೆ ಹೆಬ್ಬೆರಳಿನಷ್ಟು ಅಗಲ, ಇನ್ನೊಂದು ಕಡೆ ಸೂಜಿ— ಒಣಗಿದ ನೆಲ ಮೇಲಿನಿಂದ ಬಿರಿಯುತ್ತದೆ, ಅಗಲ ಮೇಲೆ, ಸೂಜಿ ಕೆಳಗೆ, ಮೊದಲ ವರ್ಷದ ಹುಡುಗರಿಗೂ ಗೊತ್ತು, ಇಲ್ಲಿ ಸೂಜಿ ಟೇಪಿನ ಕಡೆಗಿದೆ. ಇಲ್ಲ, ಆಲ್ವಿನ ತಪ್ಪುವವನಲ್ಲ, ಆ ದಿನ ದಡದಲ್ಲಿ ನಾನೂ ಇದ್ದೆ, ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯುತ್ತಿತ್ತು, ಕೊಳವೆಯ ತಳ ಸೋರುತ್ತಿತ್ತು, ಟೇಪ ಕೊಡ ಲಗೂನ, ಚೀಲದಲ್ಲಿ ಕೈಗೆ ಸಿಕ್ಕದ್ದು ಕೆಂಪು, ಕೊಟ್ಟವಳು ನಾನು, ತಳಕ್ಕೆ ಸುತ್ತಿದ, ಮನೆಗೆ ಹೋಗಿ ಬದಲಿಸೋಣ ಅಂದ, ಬದಲಿಸಲಿಲ್ಲ, ಇಷ್ಟು ದಿನ ಇದು ಎಲ್ಲಿ ಅಡಗಿತ್ತು. ಹಾಗಾದರೆ ಮಳೆ ಬಲಗೊಂಡಿಲ್ಲ, ತೆಳ್ಳಗಾಗುತ್ತ ಬಂದಿದೆ, ವರದಿ ಪೂರ್ತಿ ತಲೆಕೆಳಗು, ಅವನ ಹೆಸರಿನ ಕೆಳಗೆ— ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಅತ್ತೆಗೂ— ಕಾಶೀರಾಮ ಮತ್ತೆ ಕೇಳುತ್ತಾನೆ, ಚೀಟಿ ಯಾವ ಕಡಿ ಅಂಟಸ್ಲಿರಿ, ತಿರುವಿ ಇಡ್ರಿ, ಯಾರ ದನಿ ಇದು, ತಿರುವಿ ಇಡ್ರಿ ಕಾಶೀರಾಮ, ಟೇಪ ಕಾಲ ಕಡಿ ಅದ, ಅವನು ಎರಡೂ ಕೈಯಲ್ಲಿ ಮೆಲ್ಲಗೆ ತಿರುವುತ್ತಾನೆ, ಬಿರುಕು ತಿರುಗುತ್ತದೆ, ಅಗಲದ ತುದಿ ಈಗ ಮೇಲೆ, ತೆರೆದ ಬಾಯಿ, ತೆರೆದು ಮರಳು ತುಂಬಿಕೊಂಡ ಬಾಯಿ, ಮರಳು, ಬಾಯಿ