ಒಂದೇ ಮನೆಯ ಎರಡು ಬಾಗಿಲು

"ಆಗಲ್ಲಣ್ಣ, ಎಷ್ಟು ಗುದ್ದಾಡಿದ್ರೂ ತಿರುಗಲ್ಲ," ಎಂದು ಶವದ ವ್ಯಾನಿನ ಡ್ರೈವರು ಖಾಲಿ ಸ್ಟ್ರೆಚರನ್ನು ಹಿತ್ತಲ ಓಣಿಯ ತಿರುವಿನಿಂದ ಮತ್ತೆ ಹಿಂದಕ್ಕೆಳೆದುಕೊಂಡ. "ಮುಂದಿನ ಬಾಗಿಲಿಂದ ತಗೊಂಡು ಹೋಗಬಾರ್ದಾ?"

ಸತ್ತವಳ ಮಗ, ಮೆಕ್ಯಾನಿಕ್, ಕೋಣೆಯ ಗೋಡೆಯತ್ತ ತಿರುಗಿದ. ಮುಂದಿನ ಬಾಗಿಲು ಅವನದೇ. ಆದರೆ ಅವನ ಮನೆಗೂ ಅಮ್ಮ ಸತ್ತು ಮಲಗಿದ್ದ ಈ ಹಿಂದಿನ ಕೋಣೆಗೂ ನಡುವೆ ಗೋಡೆಯಿತ್ತು. ಹಾಳಾದ ಗೋಡೆ, ಅವನೇ ಕೈಯಾರೆ ಕಟ್ಟಿದ್ದು.

"ಸುತ್ತಿಗೆ ತರ್ತೀನಿ ಚಿಕ್ಕಮ್ಮ," ಎಂದ. "ನಾಲ್ಕೇಟಿಗೆ ಬೀಳುತ್ತೆ. ಹೆತ್ತ ತಾಯಿನ ನನ್ನ ಬಾಗಿಲಿಂದ ಕಳಿಸದೆ ಹೋದ್ರೆ ನಾನೆಂಥ ಮಗ?"

ಹೆಣದ ಪಕ್ಕ ಕೂತಿದ್ದ ಚಿಕ್ಕಮ್ಮ, ಗಂಡ ತೀರಿಕೊಂಡ ಮೇಲೆ ಅಕ್ಕನ ಜೊತೆ ಬಂದು ಸೇರಿಕೊಂಡಿದ್ದವಳು, ಅವನ ತೋಳು ಹಿಡಿದಳು.

"ಮೆಲ್ಲಗೆ ಮಾತಾಡೋ. ಹೊರಗೆ ಪಿಂಚಣಿ ಸಾಹೇಬ್ರು ನಿಂತಿದಾರೆ."

ನಿಂತಿದ್ದರು, ನಿಜ. ಮರುಕಪಟ್ಟು ಬಂದಿದ್ದರೋ, ಸತ್ತದ್ದು ಖರೆಯೇ ಎಂದು ನೋಡಲು ಬಂದಿದ್ದರೋ, ದೇವರೇ ಬಲ್ಲ.

* * *

ಏಳು ವರ್ಷದ ಹಿಂದೆ, ಮೆಕ್ಯಾನಿಕ್ಕನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ, ಬೀದಿಯ ಸರ್ಕಾರಿ ಶಾಲೆಗೆ ಬೀಗ ಬಿತ್ತು. ನಡೆಸಲು ದುಡ್ಡಿಲ್ಲವಂತೆ. ಅದೇ ವರ್ಷ ಊರಾಚೆಯ ದೊಡ್ಡ ಗಿರಣಿಗೆ ತೆರಿಗೆ ಮಾಫಿ ಆಯಿತು. ಇನ್ನೊಂದು ಶಾಲೆ ಬಸ್ಸು ಹತ್ತಿ ಹೋಗುವಷ್ಟು ದೂರ. ಮೆಕ್ಯಾನಿಕ್ಕನ ಸಂಬಳ ಹೊಟ್ಟೆಗಾದರೆ ಬಟ್ಟೆಗಿಲ್ಲ.

ಅಮ್ಮ ಆಸ್ಪತ್ರೆಯ ಬಟ್ಟೆ ಒಗೆದೂ ಒಗೆದೂ ಬೆರಳು ಸೊಟ್ಟ ಮಾಡಿಕೊಂಡವಳು. ಮೊಮ್ಮಗಳ ಬಸ್ಸಿನ ಖರ್ಚಿಗಾಗಲೆಂದು ಮುದುಕರ ಪಿಂಚಣಿ ಕೇಳಲು ಹೋದರೆ, ದುಡಿಯುವ ಗಂಡಸಿರುವ ಮನೆಗೆ ಕೊಡುವುದಿಲ್ಲ ಎಂದು ಸಾಗಹಾಕಿದರು.

"ಸೋಪಿಗೂ ತೆರಿಗೆ ಕಟ್ಟಿದೀನಿ, ಬೆಂಕಿಪೊಟ್ಟಣಕ್ಕೂ ಕಟ್ಟಿದೀನಿ," ಎಂದು ಅಮ್ಮ ಮನೆಗೆ ಬಂದು ಕೂಗಾಡಿದಳು. "ಆಗ ಯಾವನೂ ನಿನಗೆ ಮಗ ಇದಾನಾ ಅಂತ ಕೇಳ್ಲಿಲ್ಲ! ಗೋಡೆ ಕಟ್ಟೋ. ಬೇರೆ ಬಾಗಿಲು, ಬೇರೆ ಒಲೆ. ಬೇರೆ ಮನೆ ಅಂತ ಬರ್ಕೊಳ್ಲಿ."

"ಹಿಂದಿನ ಕೋಣೇಲಿ ಬೆಳಕೇ ಬರಲ್ಲಮ್ಮ."

"ಬೆಳಕು ಕಟ್ಕೊಂಡು ನಾನೇನು ಓದಬೇಕಾ? ಓದೋಳು ಓದ್ಲಿ."

ಗೋಡೆ ಎದ್ದಿತು, ಪಿಂಚಣಿಯೂ ಬಂತು. ಬರೀ ನಾಟಕ, ನಾಲ್ಕು ದಿನದ್ದು ಅಂದುಕೊಂಡಿದ್ದರು. ಆದರೆ ಸಾಹೇಬರು ಹೇಳದೆ ಕೇಳದೆ ಬಂದು, ಅಮ್ಮನ ಒಲೆ ಉರಿದಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ಹಾಗಾಗಿ ಅಮ್ಮ ತನ್ನ ಪಾಡಿಗೆ ಬೇಯಿಸಿಕೊಂಡಳು, ತನ್ನ ಪಾಡಿಗೆ ಉಂಡಳು. ಅವಳು ಕೆಮ್ಮಿದರೆ ಗೋಡೆಯ ಈಚೆಯಿಂದ "ಬಿಸಿನೀರು ಕುಡಿಯಮ್ಮ" ಎಂದು ಕೂಗುವುದಷ್ಟೇ ಮಗನ ಪಾಲಿಗೆ ಉಳಿಯಿತು. ನಾಟಕ ಯಾವಾಗ ಸಂಸಾರವಾಯಿತೋ ಯಾರಿಗೂ ತಿಳಿಯಲಿಲ್ಲ.

* * *

ಸುತ್ತಿಗೆ ತಂದವನ ಎದುರು ಚಿಕ್ಕಮ್ಮ ಗೋಡೆಗೆ ಬೆನ್ನು ಕೊಟ್ಟು ನಿಂತಳು.

"ಅಕ್ಕನ ಪಿಂಚಣಿ ಇವತ್ತಿಗೆ ಮುಗೀತು. ಇನ್ನು ಹುಡುಗಿ ಬಸ್ಸಿಗೆ ನನ್ನ ವಿಧವಾ ಪಿಂಚಣಿ ಒಂದೇ. ಗೋಡೆ ಬಿದ್ರೆ ಅದಕ್ಕೂ ಕಲ್ಲು. ಹತ್ತನೇ ಕ್ಲಾಸು ಕಣೋ ಅವಳು! ಅಕ್ಕ ಈ ಕತ್ತಲಲ್ಲಿ ಕೊಳೆತದ್ದು ಯಾಕೆ ಹೇಳು?"

ಅವನಿಗೆ ಅಳು ಉಕ್ಕಿ ಬಂತು. ಅಮ್ಮನ ಮೇಲೆ, ಸಾಹೇಬರ ಮೇಲೆ, ತನ್ನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಸುತ್ತಿಗೆ ಕೆಳಗಿಟ್ಟ.

"ನಿಲ್ಲಿಸ್ಕೊಂಡು ಹೋಗೋಣ," ಎಂದ ಡ್ರೈವರಿಗೆ. "ನೀನು ಕಾಲು ನೋಡ್ಕೋ."

ಕಂಕುಳಿಗೆ ಕೈ ಕೊಟ್ಟು ಅಮ್ಮನನ್ನು ಎದೆಗೆ ಒರಗಿಸಿಕೊಂಡು, ಹಿಂದೆ ಹಿಂದೆ ಹೆಜ್ಜೆ ಹಾಕುತ್ತ ಓಣಿಗಿಳಿದ. ತಿರುವಿನಲ್ಲಿ ಸಾಹೇಬರು ಸಿಕ್ಕಿದರು. ಗಾಬರಿಯಾಗಿ ಪಕ್ಕಕ್ಕೆ ಒತ್ತಿಕೊಂಡರು.

"ಅಯ್ಯೋ, ಇದೇನಪ್ಪಾ ಹೀಗೆ? ನಿಮ್ಮ ಮನೆ ಮೂಲಕ ತಗೊಂಡು ಹೋಗ್ಬಹುದಿತ್ತಲ್ಲ?"

"ಅದು ಬೇರೆ ಮನೆ ಸಾರ್," ಎಂದ ಮಗ. "ಮಧ್ಯೆ ದಾರಿಯಿಲ್ಲ."

ಸಾಹೇಬರು ತಲೆ ತಗ್ಗಿಸಿದರು. ಅಮ್ಮನ ತಣ್ಣಗಿನ ಕೆನ್ನೆ ಅವನ ಕತ್ತಿಗೆ ತಾಗುತ್ತಿತ್ತು. ಅವನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡ.

ಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಹರಟುತ್ತಿದ್ದವರು, ಮುದುಕಿ ನಿಂತುಕೊಂಡೇ ಓಣಿಯಿಂದ ಹೊರಗೆ ಬರುವುದನ್ನು ಕಂಡು, ದಡಬಡಿಸಿ ಎದ್ದು ನಿಂತರು.