ಮೂರನೆಯ ಕಂಬ

“ಕಲ್ಲು ನಿನ್ ಹತ್ರ ಮಾತಾಡುತ್ತಾ ಏನೇ, ರಂಡೆ?”

ಧಣಿಯ ಬೂಟುಗಾಲು ಸೊಂಟಕ್ಕೆ ಬಿತ್ತು. ತಟ್ಟಕ್ಕ ಮೂರನೆಯ ಕಂಬದ ಬುಡದಲ್ಲಿ ಕುಸಿದಳು. ಸುತ್ತಿಗೆ ಮಾತ್ರ ಕೈಬಿಡಲಿಲ್ಲ.

ಗಣಿಯ ಸೂರಿಗೆ ಸುತ್ತಿಗೆ ತಟ್ಟಿ ಸದ್ದು ಕೇಳುವುದು ಅವಳ ಕೆಲಸ. ಗಟ್ಟಿ ಬಂಡೆ ಕಂಚಿನಂತೆ ಖಣ್ ಎನ್ನುತ್ತದೆ. ಒಳಗೆ ಬಿರಿದಿದ್ದರೆ ದಬ್ ಎನ್ನುತ್ತದೆ. ಇವತ್ತು ಗಣಿಯ ಬಾಯಿಂದ ಕೊನೆಯವರೆಗೂ ಒಂದೇ ಸದ್ದು, ದಬ್.

ಅದೊಂದು ಸಣ್ಣ ಬೆಳ್ಳಿ ಗಣಿ. ಕರಿಬಂಡೆಯ ನಡುವೆ ಚಾಪೆಯಂತೆ ಮಲಗಿದ ಆಳೆತ್ತರದ ಬಿಳಿಕಲ್ಲಿನ ಪದರ. ಅದರಲ್ಲಿ ಸೀಸದ ಜೊತೆ ಬೆರೆತ ಬೆಳ್ಳಿ. ಈ ಧಣಿಯ ಅಜ್ಜ ಒಂಬತ್ತು ವರ್ಷ ಅಗೆಸಿದ. ನೂರಿಪ್ಪತ್ತು ಅಡಿಯಾಚೆ, ಯಾವ ಕಾಲದಲ್ಲೋ ಬೆಟ್ಟವೇ ಸೀಳಿ ಜಾರಿದ ಜಾಗದಲ್ಲಿ, ಪದರ ಕುಡುಗೋಲಿನಿಂದ ಕೊಯ್ದಂತೆ ಮುಗಿದುಹೋಯಿತು. ಜಾರಿದ ಅರ್ಧ ಸಿಗಲೇ ಇಲ್ಲ. ಗಣಿ ನಲವತ್ತು ವರ್ಷ ಬಾವಲಿಗಳ ಪಾಲಾಯಿತು. ಉಳಿದ ಬೆಳ್ಳಿಯೆಲ್ಲ ಸೂರು ಹೊರಲೆಂದು ಅಗೆಯದೆ ಬಿಟ್ಟ ಐದು ಕಂಬಗಳಲ್ಲಿತ್ತು. ಮೊಮ್ಮಗ ಬಂದದ್ದು ಅದಕ್ಕೇ.

ಮೊದಲನೆಯದನ್ನು ಕಡಿದಾಗ ಬರೀ ಮಣ್ಣು ಉದುರಿತು. ಎರಡನೆಯದಕ್ಕೆ ಸೂರಿನ ತುಂಡೊಂದು ಇಳಿದು ತಟ್ಟಕ್ಕನ ಗಂಡನನ್ನು ಅರೆಯಿತು. ಬಂಡೆ ಸರಿಸಿದ ಮೇಲೆ ಅವನನ್ನು ಸಲಿಕೆಯಲ್ಲಿ ಬಾಚಿದರು. ಕುಡಿದಿದ್ದ ಎಂದು ಧಣಿ ದಾಖಲೆಯಲ್ಲಿ ಬರೆಸಿದ. ಅವಳ ಕೈಯಲ್ಲಿದ್ದ ಸುತ್ತಿಗೆ ಗಂಡನದೇ.

ಇವತ್ತು ಕಂಬದ ಮುಂದೆ ಹಾರೆ ಹಿಡಿದು ನಿಂತವನು ಅವಳ ತಮ್ಮ. ಮೂರನೆಯದು ಹೋದರೆ ಒಬ್ಬರೂ ಉಳಿಯುವುದಿಲ್ಲ ಎಂದು ಬೆಳಿಗ್ಗೆಯೇ ಹೇಳಿದ್ದಳು. ಗಂಡ ಸತ್ತ ಮೇಲೆ ಇವಳಿಗೆ ಎಲ್ಲವೂ ಟೊಳ್ಳಾಗಿಯೇ ಕೇಳಿಸುತ್ತದೆ ಎಂದು ಧಣಿ ಆಳುಗಳ ಮುಂದೆ ನಕ್ಕಿದ್ದ.

“ಕಡಿಯೋ, ಬೋಳಿಮಗನೆ.”

ತಮ್ಮ ಅಲುಗಲಿಲ್ಲ. ಧಣಿಯ ಕೋಲು ಅವನ ಮುಖಕ್ಕೆ ಬಿತ್ತು. ಹುಬ್ಬು ಒಡೆದು ಒಂದು ಕಣ್ಣು ರಕ್ತದಲ್ಲಿ ಮುಚ್ಚಿತು. ಅವನು ಹಾರೆ ಎತ್ತಿದ. ಧಣಿ ತಟ್ಟಕ್ಕನ ಪಕ್ಕದಲ್ಲೇ ಹಾದು ಗಣಿಯ ಬಾಯಿಯತ್ತ ಹೊರಟ.

“ಎಲ್ಲಿಗ್ ಹೊರಟ್ರಿ ಧಣಿ? ಸೂರು ಗಟ್ಟಿ ಅಂದ್ರಲ್ಲ.”

ಅವನು ತಿರುಗುವಷ್ಟರಲ್ಲಿ ತಟ್ಟಕ್ಕ ಕೂತಲ್ಲಿಂದಲೇ ಸುತ್ತಿಗೆ ಬೀಸಿದಳು. ಮಂಡಿಚಿಪ್ಪು ಒಡೆದ ಸದ್ದು ಗಣಿಯ ತುಂಬ ಕೇಳಿಸಿತು. ಅರಚುತ್ತ ಬಿದ್ದವನ ಕಡೆಗೆ ಆಳುಗಳ ಮೇಸ್ತ್ರಿ ಎರಡು ಹೆಜ್ಜೆ ಇಟ್ಟ, ತಲೆಯೆತ್ತಿ ಸೂರು ನೋಡಿದ, ತಿರುಗಿ ಓಡಿದ.

ತಟ್ಟಕ್ಕ ತಮ್ಮನ ಕೈಯಿಂದ ಹಾರೆ ಕಿತ್ತುಕೊಂಡಳು. ಎಲ್ಲರೂ ಹೊರಗೆ ಹೋಗಿ ಎಂದಳು.

“ನೀನೂ ಬಾ, ಅಕ್ಕಾ.”

“ಧಣಿಗೆ ಕಂಬ ಬೇಕಂತಲ್ಲೋ. ಕಡಿಯೋರ್ ಬೇಡ್ವಾ? ನಡಿ.”

ಆಳುಗಳು ತಮ್ಮನನ್ನು ಎಳೆದುಕೊಂಡು ಹೋದರು. ಅವನು ಕೂಗುವುದು ದೂರವಾಗುವವರೆಗೆ ಅವಳು ಕಾದಳು. ಆಮೇಲೆ ಧಣಿಯ ಕೊರಳಪಟ್ಟಿ ಹಿಡಿದು ಕಂಬದ ಬುಡಕ್ಕೆ ಎಳೆದು ತಂದಳು.

“ಬೀಳುತ್ತೆ ಕಣಮ್ಮಾ,” ಅವನು ಅವಳ ಕಾಲು ತಬ್ಬಿದ. “ಸೂರು ಬಿದ್ದುಹೋಗುತ್ತೆ.”

“ಈಗ ನಿಮಗೂ ಕೇಳಿಸ್ತಾ?”

ಮೊದಲ ಏಟಿಗೆ ಬಿಳಿಕಲ್ಲಿನ ಚಕ್ಕೆ ಹಾರಿತು. ಮೇಲಿಂದ ಉದುರಿದ ಮಣ್ಣು ಧಣಿಯ ತೆರೆದ ಬಾಯಿಗೆ ಬಿತ್ತು. ತಟ್ಟಕ್ಕ ಸುತ್ತಿಗೆಯಿಂದ ಒಮ್ಮೆ ಸೂರು ತಟ್ಟಿ, ಕಿವಿಗೊಟ್ಟು ಕೇಳಿದಳು.

ಮತ್ತೆ ಹಾರೆ ಎತ್ತಿದಳು.